ಹಲ್ಲು ಮೂಡುವ ಮುನ್ನ ದವಡೆಯೊಳಗೆ

ಆರು ವರ್ಷದ ಮಗುವಿನ ಬಾಯಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಮೊದಲ ಶಾಶ್ವತ ದವಡೆಹಲ್ಲು ಒಸಡನ್ನು ಸೀಳಿಕೊಂಡು ಹೊರಬರುವ ಹೊತ್ತಿಗೆ ಅದರ ತಲೆಭಾಗ ಪೂರ್ಣಗೊಂಡು ಸುಮಾರು ಮೂರು ವರ್ಷಗಳು ಕಳೆದಿರುತ್ತವೆ. ಅದರ ಮೇಲಿನ ಉಬ್ಬುಗಳೆಷ್ಟು, ಅವುಗಳ ನಡುವಿನ ಕಣಿವೆಗಳೆಲ್ಲಿ, ಮೇಲಿನ ಹಲ್ಲಿನ ಯಾವ ಉಬ್ಬು ಕೆಳಗಿನ ಹಲ್ಲಿನ ಯಾವ ತಗ್ಗಿನಲ್ಲಿ ಕೂರಬೇಕು ಎಂಬುದೆಲ್ಲ ದವಡೆಮೂಳೆಯ ಕತ್ತಲೆಯಲ್ಲಿ, ಎದುರುಹಲ್ಲನ್ನು ಒಮ್ಮೆಯೂ ಮುಟ್ಟದೆ, ತೀರ್ಮಾನವಾಗಿರುತ್ತದೆ. ಮೂಳೆಗೆ ಇಂಥ ಕಟ್ಟುಪಾಡಿಲ್ಲ. ಅದು ಬದುಕಿನುದ್ದಕ್ಕೂ ಒಂದೆಡೆ ಕರಗಿ ಇನ್ನೊಂದೆಡೆ ಕಟ್ಟಿಕೊಳ್ಳುತ್ತ ತನ್ನನ್ನು ತಿದ್ದಿಕೊಳ್ಳಬಲ್ಲದು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗೆ ಆ ಅವಕಾಶವಿಲ್ಲ, ಏಕೆಂದರೆ ಅದನ್ನು ತಯಾರಿಸಿದ ಜೀವಕೋಶಗಳು ಹಲ್ಲು ಹೊರಬರುವುದರೊಳಗೆ ಇಲ್ಲವಾಗುತ್ತವೆ. ಆದ್ದರಿಂದ ಹಲ್ಲಿನ ಆಕಾರದ ಕುರಿತ ಎಲ್ಲ ನಿರ್ಧಾರಗಳೂ ಅದು ಇನ್ನೂ ಮೆತ್ತಗಿರುವಾಗಲೇ, ಗಟ್ಟಿಯಾಗುವ ಮೊದಲೇ, ಸರಿಯಾಗಿ ಆಗಬೇಕು. ಆ ನಿರ್ಧಾರಗಳನ್ನು ಒಂದು ಗುಂಪಿನ ಜೀವಕೋಶಗಳಿಂದ ಇನ್ನೊಂದು ಗುಂಪಿಗೆ ಹೊತ್ತೊಯ್ಯುವವು ಸಂಕೇತ ಪ್ರೋಟೀನುಗಳು.

ಸಂಕೇತ ಪ್ರೋಟೀನು ಎಂದರೆ ಒಂದು ಜೀವಕೋಶ ಹೊರಕ್ಕೆ ಸ್ರವಿಸುವ, ಅಥವಾ ತನ್ನ ಮೈಮೇಲೆ ಹಿಡಿದಿಟ್ಟು ಬಳಿಕ ಕತ್ತರಿಸಿ ಬಿಡುವ ಅಣು. ನೆರೆಯ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅದು ಅಂಟಿಕೊಂಡರೆ, ಆ ಜೀವಕೋಶದ ಒಳಗೆ ಕೆಲವು ವಂಶವಾಹಿಗಳು ಚಾಲೂ ಆಗುತ್ತವೆ, ಕೆಲವು ಸುಮ್ಮನಾಗುತ್ತವೆ. ಹಲ್ಲಿನ ಬೆಳವಣಿಗೆಯಲ್ಲಿ ಮುಖ್ಯವಾಗಿ ನಾಲ್ಕು ಕುಟುಂಬಗಳ ಹೆಸರು ಮತ್ತೆ ಮತ್ತೆ ಬರುತ್ತದೆ: ಬಿಎಂಪಿ, ಎಫ್‌ಜಿಎಫ್, ವಿಂಟ್ ಮತ್ತು ಸೋನಿಕ್ ಹೆಡ್ಜ್‌ಹಾಗ್. ಇವುಗಳಲ್ಲಿ ಯಾವುದೂ ಹಲ್ಲಿಗೇ ಮೀಸಲಾದುದಲ್ಲ. ಇವೇ ಅಣುಗಳು ಕೈಬೆರಳು, ಮೂತ್ರಪಿಂಡ, ಕೂದಲು, ಬೆನ್ನುಹುರಿಗಳ ಬೆಳವಣಿಗೆಯಲ್ಲೂ ದುಡಿಯುತ್ತವೆ. ಹಾಗಿದ್ದರೆ ಹಲ್ಲಿನ ಜಾಗದಲ್ಲಿ ಹಲ್ಲೇ ಏಕೆ ಮೂಡುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅಣುವಿನ ಹೆಸರಿನಲ್ಲಿ ಹುಡುಕಬಾರದು. ಯಾವ ಗಳಿಗೆಯಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾವ ಅಂಗಾಂಶಕ್ಕೆ ಅದು ತಲುಪಿತು, ಮತ್ತು ಅದನ್ನು ತಡೆದದ್ದು ಯಾವುದು ಎಂಬುದರಲ್ಲಿ ಹುಡುಕಬೇಕು. ತಡೆಯುವ ಅಣುಗಳಿಗೆ ಜನಪ್ರಿಯ ಬರಹಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಬಲವಾದ ಅನಿಸಿಕೆ.

ಮಾನವ ಭ್ರೂಣದಲ್ಲಿ ಆರನೆಯ ವಾರದ ಸುಮಾರಿಗೆ ಬಾಯಿಯ ಒಳಪದರವಾದ ಎಪಿಥೀಲಿಯಮ್ ದವಡೆಯ ಗುಂಟ ದಪ್ಪಗಾಗುತ್ತದೆ. ಅದರ ಕೆಳಗೆ ಮೆಸೆನ್‌ಕೈಮ್ ಎಂಬ ಸಡಿಲ ಅಂಗಾಂಶವಿರುತ್ತದೆ. ಮುಂದೆ ಮಿದುಳಾಗಲಿರುವ ನರಕೊಳವೆಯ ಅಂಚಿನಿಂದ ವಲಸೆ ಬಂದ ಜೀವಕೋಶಗಳು ಅದರಲ್ಲಿರುತ್ತವೆ. ದಪ್ಪಗಾದ ಪದರ ಕೆಳಕ್ಕೆ ಇಳಿದು ಮೊದಲು ಮೊಗ್ಗಿನಂತೆ, ಆಮೇಲೆ ಟೋಪಿಯಂತೆ, ಕೊನೆಗೆ ಗಂಟೆಯಂತೆ ಕಾಣಿಸುತ್ತದೆ. ಎನಾಮಲ್ ಎಪಿಥೀಲಿಯಮ್‌ನ ಕೊಡುಗೆ. ಎನಾಮಲ್ ಕೆಳಗಿನ ಗಟ್ಟಿ ಪದರವಾದ ಡೆಂಟಿನ್, ಹಲ್ಲಿನ ಒಳತಿರುಳು ಮತ್ತು ಬೇರಿನ ಸುತ್ತಲಿನ ಅಂಗಾಂಶ ಮೆಸೆನ್‌ಕೈಮ್‌ನ ಕೊಡುಗೆ. ಇವೆರಡರಲ್ಲಿ ಹಲ್ಲು ಮಾಡುವ ಅಧಿಕಾರ ಯಾವುದರ ಬಳಿ ಇದೆ?

ಈ ಪ್ರಶ್ನೆಯನ್ನು ಇಲಿಯ ಭ್ರೂಣದಲ್ಲಿ ಅಂಗಾಂಶಗಳನ್ನು ಬೇರ್ಪಡಿಸಿ, ಅದಲುಬದಲು ಮಾಡಿ ಜೋಡಿಸಿ ಪರೀಕ್ಷಿಸಿದರು. 1970ರಲ್ಲಿ ಕೊಲ್ಲರ್ ಮತ್ತು ಬೇರ್ಡ್ ಎಂಬ ವಿಜ್ಞಾನಿಗಳು ಹಲ್ಲಿನ ಮೊಳಕೆಯಿಂದ ತೆಗೆದ ಮೆಸೆನ್‌ಕೈಮನ್ನು ಇಲಿಯ ಅಂಗಾಲಿನ ಎಪಿಥೀಲಿಯಮ್ ಜೊತೆ ಸೇರಿಸಿದಾಗ ಅಲ್ಲಿ ಹಲ್ಲು ರೂಪುಗೊಂಡಿತು. ಇದನ್ನು ನೋಡಿದರೆ ಅಧಿಕಾರ ಮೆಸೆನ್‌ಕೈಮ್‌ನದೇ ಎನಿಸುತ್ತದೆ. ಆದರೆ ಇನ್ನೂ ಎಳೆಯ ಭ್ರೂಣಗಳನ್ನು ಬಳಸಿದ 1980ರ ದಶಕದ ಪ್ರಯೋಗಗಳು, ಅವುಗಳಲ್ಲಿ ವಿಶೇಷವಾಗಿ ಆಂಡ್ರ್ಯೂ ಲಮ್ಸ್‌ಡನ್ 1988ರಲ್ಲಿ ಪ್ರಕಟಿಸಿದವು, ಬೇರೆಯದನ್ನೇ ತೋರಿಸಿದವು. ಆರಂಭದ ದಿನಗಳಲ್ಲಿ ದವಡೆಯ ಎಪಿಥೀಲಿಯಮ್, ಹಲ್ಲಿನೊಂದಿಗೆ ಸಂಬಂಧವೇ ಇಲ್ಲದ ನರಕೊಳವೆಯಂಚಿನ ಜೀವಕೋಶಗಳಿಂದಲೂ ಹಲ್ಲು ಮಾಡಿಸಬಲ್ಲದು. ಭ್ರೂಣಕ್ಕೆ ಸುಮಾರು 12 ದಿನ ತುಂಬುವ ಹೊತ್ತಿಗೆ ಆ ಶಕ್ತಿ ಎಪಿಥೀಲಿಯಮ್‌ನಿಂದ ಮೆಸೆನ್‌ಕೈಮ್‌ಗೆ ದಾಟಿಬಿಡುತ್ತದೆ. ಹೀಗೆ ಒಂದು ಅಂಗಾಂಶ ತನ್ನ ಸಾಮರ್ಥ್ಯವನ್ನು ಪಕ್ಕದ ಅಂಗಾಂಶಕ್ಕೆ ಒಪ್ಪಿಸುತ್ತದೆ ಎಂಬ ಸಂಗತಿ ಅಣುಗಳ ಗುರುತು ಹತ್ತುವ ಮೊದಲೇ, ಕೇವಲ ಕೈಚಳಕದ ಶಸ್ತ್ರಕ್ರಿಯೆಯಿಂದ ತಿಳಿದದ್ದು ಎಂಬುದನ್ನು ನೆನೆದಾಗಲೆಲ್ಲ ಆ ಪ್ರಯೋಗಕಾರರ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ.

ದಾಟಿದ್ದು ಏನು ಎಂಬುದಕ್ಕೆ ಮೊದಲ ದೊಡ್ಡ ಸುಳಿವು 1993ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇರ್ಮಾ ಥೆಸ್ಲೆಫ್ ಅವರ ತಂಡಕ್ಕೆ ಸಿಕ್ಕಿತು. ಬಿಎಂಪಿ-4 ಎಂಬ ಪ್ರೋಟೀನು ಮೊದಲು ಎಪಿಥೀಲಿಯಮ್‌ನಲ್ಲಿ ತಯಾರಾಗುತ್ತಿತ್ತು. ಹಲ್ಲು ಮಾಡುವ ಶಕ್ತಿ ಕೈಬದಲಾಯಿಸುವ ಹೊತ್ತಿಗೆ ಸರಿಯಾಗಿ ಅದರ ತಯಾರಿಕೆಯೂ ಮೆಸೆನ್‌ಕೈಮ್‌ಗೆ ಸ್ಥಳಾಂತರವಾಗುತ್ತಿತ್ತು. ಬಿಎಂಪಿ-4ರಲ್ಲಿ ನೆನೆಸಿದ ಪುಟ್ಟ ಮಣಿಯೊಂದನ್ನು ಮೆಸೆನ್‌ಕೈಮ್ ಮೇಲೆ ಇಟ್ಟರೆ, ಮಣಿಯ ಸುತ್ತಲಿನ ಜೀವಕೋಶಗಳಲ್ಲಿ ಎಂಎಸ್‌ಎಕ್ಸ್-1 ಎಂಬ ನಿಯಂತ್ರಕ ವಂಶವಾಹಿ ಎಚ್ಚರಗೊಳ್ಳುತ್ತಿತ್ತು, ಮತ್ತು ಆ ಜೀವಕೋಶಗಳು ತಾವೇ ಬಿಎಂಪಿ-4 ತಯಾರಿಸತೊಡಗುತ್ತಿದ್ದವು. ಎಫ್‌ಜಿಎಫ್-8 ಇದೇ ರೀತಿ ಪ್ಯಾಕ್ಸ್-9 ಎಂಬ ಇನ್ನೊಂದು ನಿಯಂತ್ರಕವನ್ನು ಎಬ್ಬಿಸುತ್ತದೆ. ಈ ನಿಯಂತ್ರಕಗಳ ಬಲದಿಂದ ಮೆಸೆನ್‌ಕೈಮ್‌ನಲ್ಲಿ ಹುಟ್ಟುವ ಬಿಎಂಪಿ-4 ಮರಳಿ ಎಪಿಥೀಲಿಯಮ್‌ಗೆ ತಲುಪಿ ಮುಂದಿನ ಹಂತಕ್ಕೆ ಅನುಮತಿ ಕೊಡುತ್ತದೆ. ಎಂಎಸ್‌ಎಕ್ಸ್-1 ಇಲ್ಲದ ಇಲಿಗಳಲ್ಲಿ ಹಲ್ಲು ಮೊಗ್ಗಿನ ಹಂತದಲ್ಲೇ ನಿಂತುಬಿಡುತ್ತದೆ. ಹಾಗೆ ನಿಂತ ಮೊಗ್ಗಿಗೆ ಹೊರಗಿನಿಂದ ಬಿಎಂಪಿ-4 ಒದಗಿಸಿದರೆ ಅದರ ಎಪಿಥೀಲಿಯಮ್ ಮುಂದಕ್ಕೆ ಬೆಳೆಯುತ್ತದೆ ಎಂದು 1996ರ ಪ್ರಯೋಗ ತೋರಿಸಿತು.

ಬಾಚಿಹಲ್ಲು ಎಲ್ಲಿ, ದವಡೆಹಲ್ಲು ಎಲ್ಲಿ ಎಂಬ ವಿಂಗಡಣೆಯೂ ಇಷ್ಟೇ ಬೇಗ ನಡೆದುಹೋಗುತ್ತದೆ. ದವಡೆಯ ಮುಂಭಾಗದಲ್ಲಿ ಬಿಎಂಪಿ-4 ಮೇಲುಗೈ ಪಡೆದಿರುತ್ತದೆ, ಹಿಂಭಾಗದಲ್ಲಿ ಎಫ್‌ಜಿಎಫ್-8. ಬಾರ್ಕ್ಸ್-1 ಎಂಬ ವಂಶವಾಹಿ ಎಫ್‌ಜಿಎಫ್-8ರ ಪ್ರದೇಶದಲ್ಲಿ ಮಾತ್ರ ಎಚ್ಚರವಾಗುತ್ತದೆ, ಬಿಎಂಪಿ-4 ಇದ್ದಲ್ಲಿ ಅದಕ್ಕೆ ತಡೆ. 1998ರಲ್ಲಿ ಲಂಡನ್ನಿನ ಪಾಲ್ ಶಾರ್ಪ್ ಅವರ ತಂಡ ಬಿಎಂಪಿಯನ್ನು ಹಿಡಿದು ನಿಷ್ಕ್ರಿಯಗೊಳಿಸುವ ನಾಗಿನ್ ಎಂಬ ಪ್ರೋಟೀನನ್ನು ಇಲಿಯ ದವಡೆಯ ಮುಂಭಾಗಕ್ಕೆ ಕೊಟ್ಟಿತು. ಬಾರ್ಕ್ಸ್-1 ಅಲ್ಲಿಯೂ ಎಚ್ಚರಗೊಂಡು, ಬಾಚಿಹಲ್ಲು ಬರಬೇಕಾದ ಮೊಳಕೆಯಲ್ಲಿ ದವಡೆಹಲ್ಲು ಬೆಳೆಯಿತು. ಒಂದು ಸಂಕೇತವನ್ನು ತಡೆದದ್ದರಿಂದ ಅಂಗ ಇಲ್ಲವಾಗಲಿಲ್ಲ, ಬೇರೆ ಅಂಗವಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಇನ್ನು ಉಬ್ಬುಗಳ ವಿಷಯ. ಟೋಪಿಯ ಹಂತದಲ್ಲಿ ಎಪಿಥೀಲಿಯಮ್‌ನ ನಡುವೆ ಜೀವಕೋಶಗಳ ಒಂದು ಪುಟ್ಟ, ಒತ್ತಾದ ಗುಂಪು ಕಾಣಿಸುತ್ತದೆ. ಅದನ್ನು ಎನಾಮಲ್ ಗಂಟು ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಬಹಳ ಹಿಂದೆಯೇ ಕಂಡಿದ್ದ ಈ ಗಂಟಿನ ಕೆಲಸ ಸ್ಪಷ್ಟವಾದದ್ದು 1994ರಲ್ಲಿ, ಯುಕ್ಕಾ ಯೆರ್ನ್‌ವಾಲ್ ಮತ್ತು ಸಹೋದ್ಯೋಗಿಗಳು ಅದೊಂದು ಸಂಕೇತ ಕೇಂದ್ರ ಎಂದು ತೋರಿಸಿದಾಗ. ಗಂಟಿನ ಜೀವಕೋಶಗಳು ಎಫ್‌ಜಿಎಫ್-4, ಸೋನಿಕ್ ಹೆಡ್ಜ್‌ಹಾಗ್, ಬಿಎಂಪಿ ಮತ್ತು ವಿಂಟ್ ಪ್ರೋಟೀನುಗಳನ್ನು ಸ್ರವಿಸುತ್ತವೆ. ಎಫ್‌ಜಿಎಫ್ ಸುತ್ತಲಿನ ಜೀವಕೋಶಗಳನ್ನು ವಿಭಜನೆಗೆ ಹುರಿದುಂಬಿಸುತ್ತದೆ, ಆದರೆ ಅದನ್ನು ಸ್ರವಿಸುವ ಗಂಟು ಮಾತ್ರ ವಿಭಜಿಸುವುದಿಲ್ಲ, ಏಕೆಂದರೆ ಎಫ್‌ಜಿಎಫ್ ಗ್ರಾಹಕಗಳು ಗಂಟಿನ ಜೀವಕೋಶಗಳಲ್ಲಿ ಇರುವುದಿಲ್ಲ. ಕೆಂಡದ ಮೇಲಿಟ್ಟ ಹಪ್ಪಳದಲ್ಲಿ ಒಂದು ಭಾಗ ಬೇಗ ಅರಳಿ ಪಕ್ಕದ ಭಾಗ ಅರಳದೆ ಉಳಿದಾಗ ಇಡೀ ಹಾಳೆ ಹೇಗೆ ಡೊಂಕಾಗಿ ಏಳುತ್ತದೆಯೋ, ಹಾಗೆಯೇ ಬೆಳೆಯುವ ಭಾಗ ಮತ್ತು ನಿಂತ ಭಾಗದ ನಡುವಿನ ಈ ಅಸಮತೆಯಿಂದ ಎಪಿಥೀಲಿಯಮ್ ಮಡಿಕೆಗೊಳ್ಳುತ್ತದೆ. ಮೊದಲ ಗಂಟು ತನ್ನ ಕೆಲಸ ಮುಗಿಸಿ, ಬಹುಪಾಲು ಜೀವಕೋಶಗಳ ಯೋಜಿತ ಸಾವಿನ ಮೂಲಕ ಕಾಣೆಯಾಗುತ್ತದೆ. ದವಡೆಹಲ್ಲಾದರೆ, ಅದರ ಬಳಿಕ ಎರಡನೆಯ ಸುತ್ತಿನ ಗಂಟುಗಳು ಮೂಡುತ್ತವೆ. ಅಂಥ ಒಂದೊಂದು ಗಂಟಿನ ಜಾಗದಲ್ಲೂ ಮುಂದೆ ಒಂದೊಂದು ಉಬ್ಬಿನ ತುದಿ. ಒಂದು ಗಂಟಿನ ತೀರ ಸಮೀಪದಲ್ಲಿ ಇನ್ನೊಂದು ಗಂಟು ಏಳದಂತೆ ತಡೆಯುವ ಅಣುಗಳು ಇರುವುದರಿಂದಲೇ ಉಬ್ಬುಗಳ ನಡುವೆ ಕಣಿವೆಗೆ ಜಾಗ ಉಳಿಯುತ್ತದೆ. ಉಬ್ಬಿನ ಎತ್ತರ, ಅಂತರಗಳ ನಕ್ಷೆ ವಂಶವಾಹಿಗಳಲ್ಲಿ ಎಲ್ಲಿಯೂ ಬರೆದಿಟ್ಟಿಲ್ಲ. ಪ್ರಚೋದನೆ ಮತ್ತು ತಡೆಯ ಈ ಲೆಕ್ಕಾಚಾರದಿಂದ ಅದು ಪ್ರತಿ ಹಲ್ಲಿನಲ್ಲೂ ಹೊಸದಾಗಿ ಹುಟ್ಟಿಕೊಳ್ಳುತ್ತದೆ.

ಇದೇ ತಂಡದವರು 2007ರಲ್ಲಿ ಈ ತಡೆಯನ್ನು ಹಲ್ಲಿನ ಸಾಲಿನ ಮಟ್ಟದಲ್ಲೂ ಕಂಡರು. ಇಲಿಯ ಮೊದಲ ದವಡೆಹಲ್ಲಿನ ಮೊಳಕೆಯಿಂದ ಅದರ ಹಿಂದಿನ ಅಂಗಾಂಶವನ್ನು ಕತ್ತರಿಸಿ ಬೇರೆಯಾಗಿ ಬೆಳೆಸಿದಾಗ ಎರಡನೆಯ ಹಲ್ಲು ಬೇಗ ಮೂಡಿತು, ದೊಡ್ಡದಾಗಿಯೂ ಬೆಳೆಯಿತು. ಸಾಲಿನ ಮುಂಭಾಗದ ಹಲ್ಲು ತನ್ನ ಹಿಂಬದಿಯ ಹಲ್ಲನ್ನು ಹಿಡಿದಿಡುತ್ತದೆ ಎಂದರ್ಥ. ಸಾಲಿನ ಕೊನೆಯಲ್ಲಿರುವ ಮೂರನೆಯ ದವಡೆಹಲ್ಲಿನ ಗಾತ್ರ ಏರುಪೇರಾಗುವುದನ್ನು ಅರ್ಥಮಾಡಿಕೊಳ್ಳಲು ಇದೊಂದು ದಾರಿ.

ಪ್ರಮಾಣ ತಪ್ಪಿದರೆ ಮನುಷ್ಯರಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಉಪಖಂಡದ್ದೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ಬಗ್ಗೆ ಚಾರ್ಲ್ಸ್ ಡಾರ್ವಿನ್ ಬರೆದಿದ್ದಾರೆ. ನಾಲ್ಕು ತಲೆಮಾರುಗಳಲ್ಲಿ 10 ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಚಿಕ್ಕ, ದುರ್ಬಲ ಬಾಚಿಹಲ್ಲು ಮತ್ತು ಎಂಟು ದವಡೆಹಲ್ಲುಗಳಷ್ಟೇ ಇದ್ದವು. ಮೈಮೇಲೆ ಕೂದಲು ಬಹಳ ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಬಹಳ ಕಷ್ಟ. ಹೆಣ್ಣುಮಕ್ಕಳಿಗೆ ಈ ತೊಂದರೆ ಇರಲಿಲ್ಲ, ಆದರೆ ಅವರ ಮೂಲಕ ಅವರ ಗಂಡುಮಕ್ಕಳಿಗೆ ಬರುತ್ತಿತ್ತು. ತಂದೆಯಿಂದ ಮಗನಿಗೆ ಬಂದ ಉದಾಹರಣೆ ಒಂದೂ ಇರಲಿಲ್ಲ. ಇದು ಎಕ್ಸ್ ವರ್ಣತಂತುವಿನ ಮೂಲಕ ಇಳಿದು ಬರುವ ಕಾಯಿಲೆಯ ಸ್ಪಷ್ಟ ಚಿತ್ರಣ. ಇಂಥ ಕಾಯಿಲೆಯ ಹಿಂದಿರುವ ಎಕ್ಟೋಡಿಸ್‌ಪ್ಲಾಸಿನ್ ಅಥವಾ ಇಡಿಎ ಎಂಬ ಸಂಕೇತ ಪ್ರೋಟೀನಿನ ವಂಶವಾಹಿ 1996ರಲ್ಲಿ ಪತ್ತೆಯಾಯಿತು. ಹಲ್ಲು, ಕೂದಲು, ಬೆವರಗ್ರಂಥಿ ಮೂರೂ ಎಪಿಥೀಲಿಯಮ್‌ನ ದಪ್ಪಗಾದ ಚುಕ್ಕೆಯಿಂದಲೇ ಆರಂಭವಾಗುವುದರಿಂದ, ಆ ಚುಕ್ಕೆಯ ಗಾತ್ರವನ್ನು ನಿರ್ಧರಿಸುವ ಒಂದೇ ಪ್ರೋಟೀನು ಕೆಟ್ಟರೆ ಮೂರೂ ಒಟ್ಟಿಗೆ ಸೊರಗುತ್ತವೆ. ಇಡಿಎ ಇಲ್ಲದ ಇಲಿಗಳಲ್ಲಿ ಎನಾಮಲ್ ಗಂಟು ಚಿಕ್ಕದು, ಉಬ್ಬುಗಳು ಕಡಿಮೆ. ಇಡಿಎ ಅತಿಯಾದ ಇಲಿಗಳಲ್ಲಿ ದವಡೆಹಲ್ಲುಗಳ ಮುಂದೆ ಒಂದು ಹೆಚ್ಚುವರಿ ಹಲ್ಲು.

ಎಂಎಸ್‌ಎಕ್ಸ್-1, ಪ್ಯಾಕ್ಸ್-9 ವಂಶವಾಹಿಗಳ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮನುಷ್ಯರಲ್ಲಿ ಕೆಲವು ಶಾಶ್ವತ ಹಲ್ಲುಗಳು ಮೂಡುವುದೇ ಇಲ್ಲ. ಇಲ್ಲಿ ಸಂಕೇತ ಪೂರ್ತಿ ಇಲ್ಲವಾಗಿಲ್ಲ, ಅರ್ಧಕ್ಕಿಳಿದಿದೆ ಅಷ್ಟೇ. ವಿಂಟ್ ಸಂಕೇತದ ಕಥೆ ಇನ್ನೂ ಸೂಕ್ಷ್ಮ. ವಿಂಟ್-10ಎ ವಂಶವಾಹಿಯ ದೋಷ ಹಲ್ಲು ಮೂಡದಿರುವುದಕ್ಕೆ ಒಂದು ಮುಖ್ಯ ಕಾರಣ. ಆದರೆ ವಿಂಟ್ ಸಂಕೇತಕ್ಕೆ ಕಡಿವಾಣ ಹಾಕುವ ಆಕ್ಸಿನ್-2 ಕೆಟ್ಟಾಗಲೂ ಹಲ್ಲುಗಳು ಕಡಿಮೆಯಾಗುತ್ತವೆ. 2004ರಲ್ಲಿ ವರದಿಯಾದ ಫಿನ್ಲೆಂಡಿನ ಒಂದು ಕುಟುಂಬದಲ್ಲಿ ಈ ದೋಷವಿದ್ದವರಿಗೆ ಕನಿಷ್ಠ ಎಂಟು ಶಾಶ್ವತ ಹಲ್ಲುಗಳು ಇರಲಿಲ್ಲ, ಮತ್ತು ಅವರಲ್ಲಿ ಹಲವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಥವಾ ಮುಂದೆ ಕ್ಯಾನ್ಸರ್ ಆಗಬಹುದಾದ ಅಸಹಜ ಬೆಳವಣಿಗೆಗಳು ಕಂಡವು. ಸಂಕೇತ ಹೆಚ್ಚಾದಷ್ಟೂ ಹಲ್ಲು ಹೆಚ್ಚು ಎಂಬ ಸರಳ ಸೂತ್ರ ನಿಲ್ಲುವುದಿಲ್ಲ. ಕರುಳಿನಲ್ಲೂ ಹಲ್ಲಿನಲ್ಲೂ ದುಡಿಯುವ ಅಣುವನ್ನು ಔಷಧವಾಗಿ ಮುಟ್ಟುವವರು ಈ ಕುಟುಂಬವನ್ನು ಮರೆಯಬಾರದು.

ಚಿಕಿತ್ಸೆಯ ಪ್ರಯತ್ನಗಳು ಇಲ್ಲಿಂದಲೇ ಹೊರಟಿವೆ. ಇಡಿಎ ಪ್ರೋಟೀನನ್ನು ಗರ್ಭಿಣಿ ಇಲಿಗಳಿಗೆ ಕೊಟ್ಟಾಗ ಇಡಿಎ ಕೊರತೆಯಿರುವ ಮರಿಗಳು ಬಹುಮಟ್ಟಿಗೆ ಸರಿಯಾಗಿ ಹುಟ್ಟುತ್ತವೆ ಎಂದು 2003ರಲ್ಲಿ ತಿಳಿಯಿತು. 2018ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಗರ್ಭದಲ್ಲಿದ್ದ ಅವಳಿ ಗಂಡುಮಕ್ಕಳಿಗೂ ಇನ್ನೊಂದು ಗಂಡುಮಗುವಿಗೂ ಗರ್ಭದ ನೀರಿನ ಮೂಲಕ ಈ ಪ್ರೋಟೀನನ್ನು ಕೊಟ್ಟುದರ ಫಲಿತಾಂಶ ಪ್ರಕಟಿಸಿದರು. ಆ ಮಕ್ಕಳು ಬೆವರಬಲ್ಲವರಾಗಿ ಹುಟ್ಟಿದರು. ಹಲ್ಲಿನ ವಿಷಯದಲ್ಲಿ ಕಾಲ ನಿಷ್ಠುರವಾದುದು: ಚಿಕಿತ್ಸೆ ಆರಂಭವಾದ 26ನೆಯ ವಾರದ ಸುಮಾರಿಗೆ ಹಾಲುಹಲ್ಲಿನ ಮೊಳಕೆಗಳ ಗಡುವು ಮೀರಿರುತ್ತದೆ.

ಗಡುವು ಮುಗಿದ ಮೇಲೂ ಏನಾದರೂ ಸಾಧ್ಯವೇ ಎಂದು ಕೇಳುತ್ತಿರುವವರು ಜಪಾನಿನ ಕ್ಯೋಟೋದಲ್ಲಿ ಕಟ್ಸು ತಕಾಹಶಿ ಅವರ ತಂಡ. ಅವರು ಕೈಹಾಕಿರುವುದು ತಡೆಯ ಅಣುವಿಗೆ. ಯುಸ್ಯಾಗ್-1 ಎಂಬ ಪ್ರೋಟೀನು ಬಿಎಂಪಿ ಮತ್ತು ವಿಂಟ್ ಎರಡನ್ನೂ ತಡೆಯುತ್ತದೆ. ಅದಿಲ್ಲದ ಇಲಿಗಳಿಗೆ ಹೆಚ್ಚುವರಿ ಹಲ್ಲು ಬರುತ್ತದೆ. ಯುಸ್ಯಾಗ್-1ನ್ನು ಹಿಡಿದಿಡುವ ಪ್ರತಿಕಾಯಗಳನ್ನು ಅವರು ಇಲಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಬಿಎಂಪಿ, ವಿಂಟ್ ಎರಡನ್ನೂ ಬಿಡುಗಡೆ ಮಾಡಿದ ಪ್ರತಿಕಾಯಗಳಿಂದ ಮರಿಗಳ ಜನನ ಮತ್ತು ಬದುಕುಳಿಯುವಿಕೆಗೆ ಧಕ್ಕೆಯಾಯಿತು. ಬಿಎಂಪಿಯ ತಡೆಯನ್ನು ಮಾತ್ರ ಸಡಿಲಿಸಿದ ಪ್ರತಿಕಾಯ ಒಂದೇ ಡೋಸಿನಲ್ಲಿ ಇಡೀ ಹಲ್ಲನ್ನು ಬೆಳೆಸಿತು. ಮನುಷ್ಯರಂತೆ ಎರಡು ಬಾರಿ ಹಲ್ಲು ಬರುವ ಫೆರೆಟ್ ಎಂಬ ಪುಟ್ಟ ಮಾಂಸಾಹಾರಿ ಪ್ರಾಣಿಗಳಲ್ಲೂ ಅದು ಫಲ ಕೊಟ್ಟಿತು.

ಹೊಸ ಹಲ್ಲು ಬೆಳೆಸುವ ಔಷಧ ಬಂದೇಬಿಟ್ಟಿತು ಎಂಬ ಶೀರ್ಷಿಕೆಗಳು ಇದರ ಹಿಂದೆಯೇ ಹರಿದಾಡಿದವು. ಹುಳುಕಾಗಿ ಹಲ್ಲು ಕೀಳಿಸಿಕೊಂಡವರಲ್ಲಿ ಅವು ಹುಟ್ಟಿಸಿದ ಆಸೆ ಅವಸರದ್ದು. 2024ರ ಸೆಪ್ಟೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆರಂಭವಾದದ್ದು ಮೊದಲ ಹಂತದ ಪರೀಕ್ಷೆ. ಕನಿಷ್ಠ ಒಂದು ಹಲ್ಲು ಇಲ್ಲದ, 30ರಿಂದ 64 ವರ್ಷದೊಳಗಿನ ಆರೋಗ್ಯವಂತ ಗಂಡಸರಿಗೆ ಆ ಪ್ರತಿಕಾಯವನ್ನು ರಕ್ತನಾಳದ ಮೂಲಕ ಕೊಟ್ಟು ಅದು ಸುರಕ್ಷಿತವೇ ಎಂದು ನೋಡುವುದು ಅದರ ಉದ್ದೇಶ. ಮೂಳೆಯಲ್ಲೂ ಮೂತ್ರಪಿಂಡದಲ್ಲೂ ಕೆಲಸವಿರುವ ಬಿಎಂಪಿಯ ಕಡಿವಾಣವನ್ನು ಸಡಿಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. ಅದು ತೃಪ್ತಿಕರವಾಗಿ ಮುಗಿದರೆ ಮುಂದಿನ ಸರದಿ, ಹುಟ್ಟಿನಿಂದಲೇ ಹಲವು ಹಲ್ಲುಗಳ ಮೊಳಕೆ ಇಲ್ಲದ, ಎರಡರಿಂದ ಏಳು ವರ್ಷದ ಮಕ್ಕಳದು ಎಂದು ಆ ತಂಡ ಹೇಳಿದೆ.