ಮಲೆನಾಡಿನ ಹಳೆ ಫೋರ್‌ವೀಲ್ ಜೀಪು: ಸ್ಪ್ಯಾನರ್ ಮನೆಯವರ ಕೈ ತಪ್ಪಿದ್ದು ಹೇಗೆ?

ಮುಂಗಾರು ಹಿಡಿಯುವುದಕ್ಕೆ ಹದಿನೈದು ದಿನ ಮುಂಚೆ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟದ ಮನೆಗಳಲ್ಲಿ ಜೀಪಿನ ಕೆಲಸ ಶುರುವಾಗುತ್ತದೆ. ಚಕ್ರಕ್ಕೆ ಸುತ್ತುವ ಚೈನನ್ನು ಅಟ್ಟದಿಂದ ಇಳಿಸಬೇಕು, ಹೌಸಿಂಗಿನ (ಎರಡು ಚಕ್ರಗಳ ನಡುವಿನ ಗೇರು ಪೆಟ್ಟಿಗೆಯ) ಆಯಿಲ್ ನೋಡಬೇಕು, ಅದಕ್ಕೆ ಬಲ ಒಯ್ಯುವ ಉದ್ದ ಸಲಾಕೆಯ, ಅಂದರೆ ಜಾಯಿಂಟಿನ, ಕ್ರಾಸ್ ಟಕಟಕ ಅನ್ನುತ್ತಿದೆಯೇ ಎಂದು ಕಿವಿಗೊಡಬೇಕು. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಈ ಸಲ ಆರ್‌ಸಿ ಮುಗೀತದೆ. ಇಟ್ಕೊಳ್ಳೋದಾ, ಕೊಟ್ಬಿಡೋದಾ?"

ಕೇಳುವುದು ಒಂದೇ ಪ್ರಶ್ನೆ, ಎಳೆದರೆ ನಾಲ್ಕು ಎಳೆ ಜೊತೆಗೇ ಬರುತ್ತವೆ. ಆರ್‌ಸಿ, ಅಂದರೆ ನೋಂದಣಿ ಪತ್ರದ ನವೀಕರಣ ಶುಲ್ಕ ಏರಿದೆ. ಪತ್ರದಲ್ಲಿ ಪೆಟ್ರೋಲ್ ಎಂದಿದೆ, ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್ ಕೂತಿದೆ. ಒಳ್ಳೆಯ ಸೀಲು ಸಿಗುತ್ತಿಲ್ಲ. ಪೇಟೆಯಲ್ಲಿ ಹೌಸಿಂಗ್ ಬಿಚ್ಚಿ ಮತ್ತೆ ಕಟ್ಟಬಲ್ಲ ಮೇಸ್ತ್ರಿಗೆ ಅರವತ್ತೈದು ದಾಟಿದೆ. ಒಂದೊಂದೂ ಬೇರೆ ಕಾಲದಲ್ಲಿ, ಬೇರೆ ಕಾರಣಕ್ಕೆ ಹುಟ್ಟಿದ ತೊಡಕು. ಎಲ್ಲವೂ ಒಂದೇ ಶೆಡ್ಡಿಗೆ ಬಂದು ಸೇರಿದ್ದು ಈಗ.

ಜೀಪು ಹುಟ್ಟಿದ್ದೇ ಬಯಲಲ್ಲಿ ಬಿಚ್ಚಿ ಕಟ್ಟುವ ಗಾಡಿಯಾಗಿ. 1941ರಿಂದ 1945ರವರೆಗೆ ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ವಿನ್ಯಾಸದ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಒಂದರ ಭಾಗ ಇನ್ನೊಂದಕ್ಕೆ ಕೂರಲೇಬೇಕಿತ್ತು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದವು ಹರಾಜಿನಲ್ಲಿ ಕೈಬದಲಾದವು; ಪಶ್ಚಿಮ ಬಂಗಾಳದ ಪಾನಾಗಢದಂಥ ಊರು ಜೀಪಿನ ಬಿಡಿಭಾಗದ ಸಂತೆಯಾಗಿ ಬೆಳೆದದ್ದು ಹಾಗೆ. ನಮ್ಮ ಕಡೆ 'ಡಿಸ್ಪೋಸಲ್ ಜೀಪು' ಎಂಬ ಮಾತು ಇನ್ನೂ ಹಿರಿಯರ ಬಾಯಲ್ಲಿದೆ. ನಲವತ್ತರ ದಶಕದ ಕೊನೆಗೆ ಮಹೀಂದ್ರಾ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು, ಆಮೇಲೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಆ ಮೂತಿ ನಮ್ಮಲ್ಲಿ ಮತ್ತೆ ದಶಕಗಟ್ಟಲೆ ಓಡಿತು. ಹೊಸದು ಬರಲಿಲ್ಲವೆಂದು ಪೇಟೆಯವರು ಬೇಸರಪಟ್ಟ ಕಾಲ ಅದು. ತೋಟದವರಿಗೆ ಅದೇ ಅನುಕೂಲವಾಯಿತು, ಏಕೆಂದರೆ ಅಪ್ಪ ಕಲಿತದ್ದು ಮಗನಿಗೂ ಹಾಗೇ ಬಳಕೆಗೆ ಬರುತ್ತಿತ್ತು.

ಈ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಬಲ ಸಿಗುವುದು ನಾವು ಲಿವರ್ ಎಳೆದಾಗ ಮಾತ್ರ. ಮುಂದಿನ ಮತ್ತು ಹಿಂದಿನ ಜಾಯಿಂಟುಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಆ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ತಿರುಚಿಕೊಂಡು ಕೂರುತ್ತದೆ. ಲಿವರ್ ತೆಗೆಯಲು ಹೋದರೆ ಬರುವುದಿಲ್ಲ, ಸ್ವಲ್ಪ ರಿವರ್ಸ್ ತೆಗೆದರೆ 'ಠಣ್' ಎಂದು ಬಿಡುತ್ತದೆ. 1980ರಲ್ಲಿ ಬಂದ ಆಡಿ ಕ್ವಾಟ್ರೋದಲ್ಲಿ ನಡುವೆಯೂ ಡಿಫರೆನ್ಷಿಯಲ್ ಇತ್ತು. ನಾಲ್ಕೂ ಚಕ್ರ ಸದಾ ಎಳೆಯುವ ಕಾರುಗಳದು ಬೇರೆಯೇ ವಂಶ. ನಮ್ಮ ಬೆಟ್ಟಕ್ಕೆ ಬಂದದ್ದು ಲಿವರಿನ ಗಾಡಿ.

ಎಂಬತ್ತರ ದಶಕದ ನಡುವಿನಿಂದ ಎರಡು ಸಾವಿರದವರೆಗಿನ ಹದಿನೈದು ವರ್ಷ ಮನೆ ರಿಪೇರಿಯ ತುಂಬು ಕಾಲ. 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು, 970 ಸಿಸಿಯ ಪೆಟ್ರೋಲ್ ಎಂಜಿನ್ನಿನ ಹಗುರ ಗಾಡಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಹೀಂದ್ರಾ ಎಂಎಂ540 ಬಂತು, ಪ್ಯೂಜೋ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಹೊತ್ತು. ಆ ಹೆಸರಲ್ಲೇ ಅದರ ಜಾತಕವಿದೆ: ನಾಲ್ಕು ಸಿಲಿಂಡರ್, ಒಂದೊಂದರ ಅಗಲ 90 ಮಿಲಿಮೀಟರ್, ಒಟ್ಟು 2112 ಸಿಸಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಬಂದು ಗಾಳಿ ಸಿಕ್ಕರೆ ಓಡುವ ಎಂಜಿನ್. ಡೀಸೆಲ್ ಚಿಮ್ಮಿಸುವ ಪಂಪು, ನಾಜಲ್ ಕೆಟ್ಟರೆ ಮಾತ್ರ ಹಾಸನಕ್ಕೋ ಮಂಗಳೂರಿಗೋ ಹೋಗಬೇಕಿತ್ತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ತೋಟದ ಆಳುಮಕ್ಕಳಿಗೂ ಗೊತ್ತಿದ್ದದ್ದು ಈ ನಾಜಲ್‌ಗಳಿಂದ. ಉಳಿದದ್ದೆಲ್ಲ ಶೆಡ್ಡಿನಲ್ಲೇ: ಕೆಳಗೆ ಗೋಣಿಚೀಲ, ಪಕ್ಕದಲ್ಲಿ ಸೀಮೆಎಣ್ಣೆಯ ಬಾಣಲೆ, ಆಧಾರಕ್ಕೆ ಹಲಸಿನ ದಿಮ್ಮಿ. ಬರೀ ಜಾಕಿಯನ್ನು ನಂಬಿ ಗಾಡಿಯಡಿಗೆ ತಲೆ ಕೊಡಬಾರದು ಎಂಬುದು ನನಗೆ ಕಲಿಸಿದ ಮೊದಲ ಪಾಠ.

ಆ ಶೆಡ್ಡುಗಳಲ್ಲಿ ಕೈಯಿಂದ ಕೈಗೆ ದಾಟಿದ ತಿಳಿವಳಿಕೆ ಎಂಥದ್ದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳ ದಾಟಿದ ಮಾರನೇ ದಿನ ಹೌಸಿಂಗಿನ ಆಯಿಲ್ ನೋಡು ಎನ್ನುತ್ತಿದ್ದರು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ತೂತು, ಮಣ್ಣು ಕಟ್ಟಿದ್ದರೆ ಗಾಳಿಯ ಬದಲು ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಂದೇ ಚೆಲ್ಲಿ ಹೊಸ ನೈಂಟಿ ಗೇರ್ ಆಯಿಲ್ ಹಾಕಬೇಕು. ಬಿಟ್ಟರೆ ಒಳಗಿನ ಗೇರಾದ ಕ್ರೌನ್ ಪಿನಿಯನ್‌ಗೂ ಬೇರಿಂಗಿಗೂ ತುಕ್ಕು. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಎತ್ತರಕ್ಕೆ ಕಟ್ಟುವುದು ಹತ್ತು ನಿಮಿಷದ ಕೆಲಸ.

ಹಳೆ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ, ಹಿಂದೆ. ಅಲ್ಲಿನ ಸೀಲು ಸೋತರೆ ಆಯಿಲ್ ನೇರವಾಗಿ ಡ್ರಮ್ಮಿಗೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ತಿಳಿದವರು ಕೇಬಲ್ ಬಿಗಿ ಮಾಡಲು ಹೋಗದೆ ಮೊದಲು ಸೀಲು ನೋಡುತ್ತಾರೆ. ಮುಂದಿನ ಚಕ್ರದ ಬುರುಡೆಯಂಥ ಗೋಲದಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್‌ಗಳಿವೆ. ಅವುಗಳ ಬಿಗಿ ತೆಳು ತಗಡಿನ ಶಿಮ್‌ಗಳ ಲೆಕ್ಕದಲ್ಲಿ ನಿಲ್ಲುತ್ತದೆ. ಸಡಿಲವಾದರೆ ಒಂದು ಗುಂಡಿ ಹಾರಿದ ಮೇಲೆ ಸ್ಟೇರಿಂಗ್ ತಲೆಕೆಟ್ಟಂತೆ ಅದುರುತ್ತದೆ. ಅತಿ ಬಿಗಿಯಾದರೆ ತಿರುವು ಮುಗಿದರೂ ಚಕ್ರ ತಾನಾಗಿ ನೇರವಾಗುವುದಿಲ್ಲ. ಮುಂದಿನ ಚಕ್ರವನ್ನು ಬೇಕಾದಾಗ ಮಾತ್ರ ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಇರುವ ಗಾಡಿಯಲ್ಲಿ ಬೇಸಿಗೆ ಪೂರ್ತಿ ಮುಂದಿನ ಜಾಯಿಂಟು ಅಲುಗದೆ ನಿಲ್ಲುವುದರಿಂದ, ತಿಂಗಳಿಗೊಮ್ಮೆ ಹಬ್ ಹಾಕಿ ನಾಲ್ಕು ಕಿಲೋಮೀಟರ್ ಓಡಿಸಿ ಒಳಗೆಲ್ಲ ಆಯಿಲ್ ಹರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಮೆಸುಣ್ಣದ ಲೆಕ್ಕ. ಯುದ್ಧಕಾಲದ ವಿಲ್ಲಿಸ್‌ನಲ್ಲಿ ಜಾಯಿಂಟು 4.88 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಸಿಜೆ-3ಬಿಯಲ್ಲಿ ಅದು 5.38. ಗುಜರಿಯಿಂದ ಹೌಸಿಂಗ್ ತಂದು ಕೂರಿಸುವಾಗ ಈ ಎರಡು ಬೆರೆತರೆ, ಸಾದಾ ಓಡಾಟದಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್‌ವೀಲ್ ಹಾಕಿದ ದಿನ ಮುಂದಿನ ಚಕ್ರ ಒಂದು ಹೇಳುತ್ತದೆ, ಹಿಂದಿನದು ಇನ್ನೊಂದು. ಕೊನೆಗೆ ಮುರಿಯುವುದು ಟ್ರಾನ್ಸ್‌ಫರ್ ಕೇಸಿನ ಗೇರು. ತಿಳಿಯುವ ದಾರಿ ಸುಲಭ. ಗೇರು ನ್ಯೂಟ್ರಲ್‌ನಲ್ಲಿಟ್ಟು ಒಂದು ಚಕ್ರವನ್ನು ಮಾತ್ರ ಎತ್ತಿ, ಉಳಿದವಕ್ಕೆ ಕಲ್ಲು ಕೊಟ್ಟು, ಟೈರಿಗೂ ಜಾಯಿಂಟಿಗೂ ಸುಣ್ಣದ ಗುರುತು ಹಾಕಿ, ಆ ಚಕ್ರವನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಜಾಯಿಂಟು ಎಷ್ಟು ಸುತ್ತಿತೋ ಅದೇ ಲೆಕ್ಕ. ಐದಕ್ಕೆ ಸ್ವಲ್ಪ ಕಡಿಮೆಯೋ, ಐದು ದಾಟಿತೋ, ಅಷ್ಟು ನೋಡಿದರೆ ಸಾಕು. ಮುಂದೆಯೂ ಹಿಂದೆಯೂ ಒಂದೇ ಬರಬೇಕು. ನಾಲ್ಕೂ ಟೈರಿನ ಅಳತೆ ಒಂದೇ ಇರಬೇಕು ಎನ್ನುವುದೂ ಇದೇ ಕಾರಣಕ್ಕೆ. ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿ ಉಳಿಸಿದ ಹಣ ಗೇರುಬಾಕ್ಸಿನಲ್ಲಿ ಹೋಗುತ್ತದೆ.

ಗುಜರಿಯ ಮಾತು ಬಂದದ್ದರಿಂದ ಎಂಜಿನ್ ಬದಲಾವಣೆಯ ಕಥೆಗೂ ಬರಬೇಕು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪನ್ನು ತೋಟಕ್ಕಾಗಿ ಓಡಿಸುವುದು ಕೈ ಸುಡುವ ಕೆಲಸವಾಯಿತು. ಡೀಸೆಲ್ ದರ ಬಹಳ ಕಾಲ ಕೆಳಗೇ ಇತ್ತು. ಕಂಪನಿಯೂ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಹಾಕಿ ಜೀಪು ಮಾರುತ್ತಿತ್ತು. ಹಾಗಾಗಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ಊರೂರಿನ ಗ್ಯಾರೇಜಿನ ಕಸುಬಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಕೆಲವರು ಆರ್‌ಟಿಓಗೆ ಹೋಗಿ ಆರ್‌ಸಿಯಲ್ಲಿ ಬರೆಸಿಕೊಂಡರು. ಬಹಳ ಮಂದಿ ಬರೆಸಲಿಲ್ಲ. ಮನೆಯಿಂದ ಗದ್ದೆಗೆ, ಗದ್ದೆಯಿಂದ ಕಣಕ್ಕೆ ಓಡುವ ಗಾಡಿಗೆ ಅದು ಬೇಕೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಪತ್ರ ಒಂದು ದಾರಿ, ಗಾಡಿ ಇನ್ನೊಂದು ದಾರಿ ಹಿಡಿದದ್ದು ಅಲ್ಲಿ.

ಕಾನೂನಿನ ಎಳೆ ಇದರ ಪಕ್ಕದಲ್ಲೇ ನಿಧಾನವಾಗಿ ಬೆಳೆಯುತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯಸ್ಸು, ಆಮೇಲೆ ತಪಾಸಣೆ ಮಾಡಿ ಐದೈದು ವರ್ಷದ ನವೀಕರಣ. 2022ಕ್ಕೆ ಮುಂಚೆ ಇದರ ಶುಲ್ಕ 600 ರೂಪಾಯಿ ಇತ್ತು. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2021ರ ಆಗಸ್ಟಿನಲ್ಲಿ ಹಳೆ ವಾಹನಗಳ ಗುಜರಿ ನೀತಿಗೆ ಚಾಲನೆ ಸಿಕ್ಕಿತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು, ಜೀಪುಗಳ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000. ನಮ್ಮ ರಾಜ್ಯದ ಹಸಿರು ತೆರಿಗೆ ಬೇರೆ. ಕರ್ನಾಟಕದಲ್ಲಿ ದೆಹಲಿಯಂತೆ ವಯಸ್ಸು ನೋಡಿ ಗಾಡಿಯನ್ನು ರಸ್ತೆಯಿಂದ ಇಳಿಸುವ ಆದೇಶವಿಲ್ಲ. ಹಾಗಿದ್ದೂ ಅಲ್ಲಿನ ಸುದ್ದಿ ಕೇಳಿಯೇ ಹೆದರಿ ಗಾಡಿ ಕೊಟ್ಟವರನ್ನು ನಾನು ಬಲ್ಲೆ.

ಪ್ರತಿ ನಿಯಮದ ಹಿಂದೆಯೂ ಕಾರಣವಿದೆ. ಹೊಗೆ ನಿಜ, ಬ್ರೇಕ್ ಹಿಡಿಯದ ಗಾಡಿಗಳಿಂದಾದ ಸಾವು ನಿಜ, ಬೇಕಾಬಿಟ್ಟಿ ಚಾಸಿಸ್ ಕತ್ತರಿಸಿ ಬೆಸುಗೆ ಹಾಕಿದ ಗಾಡಿಗಳೂ ನಿಜ. ಆದರೆ ಶುಲ್ಕದ ಪಟ್ಟಿ ಗಾಡಿಯ ಹುಟ್ಟಿದ ವರ್ಷವನ್ನು ಕೇಳುತ್ತದೆ, ಅದರ ಸ್ಥಿತಿಯನ್ನು ಕೇಳುವುದಿಲ್ಲ. ಶಿಮ್ ಲೆಕ್ಕ ಬರೆದಿಟ್ಟು ವರ್ಷಕ್ಕೆರಡು ಸಲ ಆಯಿಲ್ ಬದಲಿಸಿದ 1988ರ ಜೀಪಿಗೂ, ಹತ್ತು ವರ್ಷ ಬಾನೆಟ್ ಎತ್ತದ 1988ರ ಜೀಪಿಗೂ ಒಂದೇ ದರ. ಬಾಡಿಗೆ ವಾಹನಗಳಿಗೆ ಎಂಟು ವರ್ಷ ತುಂಬಿದ ಮೇಲೆ ವರ್ಷವರ್ಷವೂ ಎಫ್‌ಸಿ, ಅಂದರೆ ಯೋಗ್ಯತಾ ತಪಾಸಣೆ, ಇದೆ. ಖಾಸಗಿ ಹಳೆ ಗಾಡಿಗಳಿಗೂ ವರ್ಷಕ್ಕೊಮ್ಮೆ ಕಡಿಮೆ ಖರ್ಚಿನ, ಕಟ್ಟುನಿಟ್ಟಿನ ತಪಾಸಣೆ ಇಟ್ಟರೆ ರಸ್ತೆಗೂ ಒಳ್ಳೆಯದು, ಮಾಲೀಕನಿಗೂ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ಅದು ದಿನನಿತ್ಯದ ಓಡಾಟಕ್ಕಲ್ಲ. ಗೊಬ್ಬರ, ಸೌದೆ, ಕಾಫಿ ಮೂಟೆ ಹೊರುವ ಎಂಬತ್ತರ ದಶಕದ ಜೀಪು ಬಾಡಿಗೆ ಗಾಡಿಯ ಎಫ್‌ಸಿಗೂ ವಿಂಟೇಜ್ ನೋಂದಣಿಗೂ ಸೇರದೆ ನಡುವೆ ನಿಂತಿದೆ.

ಸೀಲು, ಮೇಸ್ತ್ರಿ ಎಂಬ ಉಳಿದೆರಡು ತೊಡಕಿನ ಮೂಲ ಎಲೆಕ್ಟ್ರಾನಿಕ್ಸ್. 2000ದ ಹೊತ್ತಿಗೆ ಜಿಪ್ಸಿಗೇ ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುವ ಎಂಪಿಎಫ್‌ಐ ಬಂತು, 2010ರ ಥಾರ್‌ನಲ್ಲಿ ಅಂಥದೇ ಕಾಮನ್ ರೈಲ್ ಡೀಸೆಲ್. 2014ರ ಡಸ್ಟರ್ ಎಡಬ್ಲ್ಯೂಡಿಯಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಬಲ ಹೋಗಬೇಕೆಂದು ಕಂಪ್ಯೂಟರೇ ನಿರ್ಧರಿಸುತ್ತದೆ. ಅವೂ ಈಗ ಹಳೆಯವಾಗುತ್ತಿವೆ. ಹೊಗೆ ತಗ್ಗಿತು, ಎಳೆತ ಚೆನ್ನಾಯಿತು, ಇದು ದೊಡ್ಡ ಲಾಭ. ಆದರೆ ದೋಷ ಓದಲು ಸ್ಕ್ಯಾನರ್ ಬೇಕು, ಸ್ಕ್ಯಾನರ್ ಇರುವುದು ಪೇಟೆಯಲ್ಲಿ. ಕಲಿತ ಹುಡುಗರೂ ಪೇಟೆಗೇ ಹೋದರು. ಹಳ್ಳಿಯ ಗ್ಯಾರೇಜಿನಲ್ಲಿ ಉಳಿದವರು ಬೈಕ್ ರಿಪೇರಿಗೆ ತಿರುಗಿಕೊಂಡರು. ಬೇಡಿಕೆ ಕಡಿಮೆಯಾದಂತೆ ಸೀಲು, ಕ್ರಾಸ್‌ಗಳ ಗುಣವೂ ಇಳಿಯಿತು: ಎರಡು ಮಳೆಗಾಲ ತಡೆಯುತ್ತಿದ್ದ ಸೀಲಿನ ಜಾಗದಲ್ಲಿ ಈಗ ಸಿಗುವುದು ಎರಡು ತಿಂಗಳಿಗೆ ಗಟ್ಟಿಯಾಗುವ ರಬ್ಬರು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳವರು ದಿನಾ ಲೋ ಗೇರಿನಲ್ಲೇ ಹತ್ತುವುದರಿಂದ ಒಳ್ಳೆಯ ಸಾಮಾನು ಎಲ್ಲಿ ಸಿಗುತ್ತದೆಂದು ಅವರಿಗೇ ಹೆಚ್ಚು ಗೊತ್ತು. ನಾನೀಗ ವಿಚಾರಿಸುವುದು ಅವರನ್ನೇ.

ಈ ವರ್ಷ ಇಟ್ಟುಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಚಾಸಿಸ್ ನಂಬರ್ ಹುಡುಕುವುದು. ಮಲೆನಾಡಿನ ತುಕ್ಕಿನಲ್ಲಿ ಅಚ್ಚು ಮಾಸಿರುತ್ತದೆ. ಸೀಮೆಎಣ್ಣೆ ಹಾಕಿ ಮೆತ್ತಗೆ ಉಜ್ಜಿ, ಪೆನ್ಸಿಲ್ಲಿನಲ್ಲಿ ಅಚ್ಚು ತೆಗೆದು ಇಟ್ಟುಕೊಳ್ಳಿ. ಉಪ್ಪುಕಾಗದ ಹಾಕಿ ತಿಕ್ಕಬೇಡಿ. ಎಂಜಿನ್ ಬದಲಾಗಿದ್ದರೆ ಅದರ ಖರೀದಿ ಚೀಟಿ ಮನೆಯಲ್ಲಿ ಎಲ್ಲಾದರೂ ಉಳಿದಿದೆಯೇ ನೋಡಿ, ನವೀಕರಣದ ದಿನಾಂಕಕ್ಕೆ ಆರು ತಿಂಗಳು ಇರುವಾಗಲೇ ಆರ್‌ಟಿಓಗೆ ಹೋಗಿ ಕೇಳಿ. ಆಮೇಲೆ ಬ್ರೇಕ್, ಆಮೇಲೆ ಕಿಂಗ್‌ಪಿನ್.

ನಮ್ಮ ಶೆಡ್ಡಿನಲ್ಲಿ ಕಿಂಗ್‌ಪಿನ್ ಬಿಗಿ ನೋಡುವುದು ಮೀನು ತೂಗುವ ಸಣ್ಣ ಸ್ಪ್ರಿಂಗ್ ತಕ್ಕಡಿಯಿಂದ. ಕೊಕ್ಕೆಯನ್ನು ಸ್ಟೇರಿಂಗ್ ತೋಳಿಗೆ ಸಿಕ್ಕಿಸಿ, ಮೆಲ್ಲಗೆ ಎಳೆದು, ಅಲುಗಿದ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂದು ಓದಬೇಕು. ಕಳೆದ ಮೇ ತಿಂಗಳಲ್ಲಿ ಅಣ್ಣನ ಮಗಳು ಅದನ್ನು ಮೊದಲ ಸಲ ತಾನೇ ಮಾಡಿದಳು. ಎಡಗಡೆ ಒಂದು ಶಿಮ್ ತೆಗೆದಳು, ಮತ್ತೆ ಎಳೆದಳು, ಮತ್ತೊಂದು ತೆಗೆದಳು. ಗೋಡೆಯ ಮೇಲೆ ಅವಳಜ್ಜ ಬರೆದಿದ್ದ ಲೆಕ್ಕದ ಕೆಳಗೆ ಈಗ ಅವಳ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿದೆ: ದಿನಾಂಕ, ಎಡಕ್ಕೆ ಮೂರು, ಬಲಕ್ಕೆ ನಾಲ್ಕು.