ಗಂಟು ಕೈಗೆ ಸಿಕ್ಕಿತ್ತು, ಯಾರಿಗೆ ಹೇಳುವುದು?

ಬಾಯಲ್ಲಿ ಹುಣ್ಣಾದರೆ ನಮ್ಮಲ್ಲಿ ಮೊದಲು ಬರುವ ಮಾತು 'ಉಷ್ಣ ಆಗಿದೆ'. ಮೆಡಿಕಲ್ ಶಾಪಿನ ಬಿ-ಕಾಂಪ್ಲೆಕ್ಸ್ ಮಾತ್ರೆ, ಎರಡು ದಿನ ಮಜ್ಜಿಗೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ. ಎದೆಯ ಗಂಟು ನೋಯುತ್ತಿಲ್ಲವಲ್ಲ, ಹಾಗಾದರೆ ಏನೂ ಇಲ್ಲ. ಬಹಳ ಸಲ ಈ ಲೆಕ್ಕಾಚಾರ ಸರಿಯೇ ಇರುತ್ತದೆ, ತೊಡಕು ಇರುವುದೂ ಅಲ್ಲೇ. ಕ್ಯಾನ್ಸರಿನ ಮುನ್ಸೂಚನೆಗಳು ದಿನನಿತ್ಯದ ತೊಂದರೆಗಳ ವೇಷದಲ್ಲೇ ಬರುತ್ತವೆ.

ಜನ ಆಸ್ಪತ್ರೆಗೆ ತಡವಾಗಿ ಬರುವುದೇಕೆ ಎಂಬ ಪ್ರಶ್ನೆ ಹಳೆಯದು. 1938ರಲ್ಲಿ ಅಮೆರಿಕದ ಪ್ಯಾಕ್ ಮತ್ತು ಗ್ಯಾಲೊ ಎಂಬ ವೈದ್ಯರು ಸಾವಿರ ರೋಗಿಗಳ ಕಥೆ ಕೆದಕಿ, ತಡಕ್ಕೆ ಯಾರು ಹೊಣೆ ಎಂದು ತೀರ್ಪು ಕೊಡಲು ಕೂತರು. ಲಕ್ಷಣ ಕಂಡು ಮೂರು ತಿಂಗಳಾದರೂ ವೈದ್ಯರ ಬಳಿ ಹೋಗದಿದ್ದರೆ ರೋಗಿಯದು ತಪ್ಪು. ತಪ್ಪಿನ ದೊಡ್ಡ ಪಾಲು ರೋಗಿಯ ತಲೆಗೇ ಬಿತ್ತು. ಆಮೇಲಿನ ದಶಕಗಳ ಪ್ರಚಾರವೆಲ್ಲ ಇದೇ ದಾರಿಯದು: ಏಳು ಎಚ್ಚರಿಕೆ ಲಕ್ಷಣಗಳ ಪಟ್ಟಿ ಅಂಟಿಸಿ, ತಿಳಿದವರು ತಾವಾಗಿ ಬರುತ್ತಾರೆ.

ಬಂದರೇ? 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಗಂಡಸರಿಗೆ, ಚಿಕ್ಕ ವಯಸ್ಸಿನವರಿಗೆ, ಆರ್ಥಿಕವಾಗಿ ಕೆಳಗಿರುವವರಿಗೆ, ಅಲ್ಪಸಂಖ್ಯಾತ ಜನಾಂಗದವರಿಗೆ ಲಕ್ಷಣಗಳ ಅರಿವು ಕಡಿಮೆ ಎಂದಿತು. ಇದು ನಿರೀಕ್ಷಿತವೇ. ಸ್ವಾರಸ್ಯ ಇರುವುದು ಮುಂದೆ. 'ಲಕ್ಷಣ ಕಂಡರೆ ಎಷ್ಟು ದಿನದಲ್ಲಿ ಡಾಕ್ಟರ ಹತ್ತಿರ ಹೋಗುತ್ತೀರಿ?' ಎಂದರೆ, ಬೇಗ ಹೋಗುತ್ತೇವೆ ಎಂದವರಲ್ಲಿ ಬಡವರೇ ಮುಂದು! ಅನುಕೂಲಸ್ಥರನ್ನು ತಡೆಯುವುದು ಪುರುಸೊತ್ತಿಲ್ಲದ ಬದುಕು, ಬಡವರನ್ನು ತಡೆಯುವುದು ಭಯ, ಸಂಕೋಚ. ಡಾಕ್ಟರ ಸಮಯ ಹಾಳು ಮಾಡುತ್ತೇವೇನೋ ಎಂಬ ಅಳುಕು ಬ್ರಿಟಿಷರಲ್ಲಿ ವ್ಯಾಪಕವಾಗಿತ್ತು. ದುಡ್ಡು ಕೊಡದೆ ಡಾಕ್ಟರನ್ನು ಕಾಣಬಹುದಾದ ದೇಶದಲ್ಲೇ ಇಷ್ಟು ಅಳುಕೆಂದರೆ, ಅಡ್ಡಿ ಬರೀ ಜೇಬಿನದಲ್ಲ.

2014ರಲ್ಲಿ ಅಲ್ಲಿಯವರೇ ಇನ್ನೊಂದು ಜಾಣತನ ಮಾಡಿದರು. ಕ್ಯಾನ್ಸರ್ ಎಂಬ ಪದವನ್ನೇ ಎತ್ತದೆ, ಐವತ್ತು ದಾಟಿದವರಿಗೆ ಸಾಮಾನ್ಯ ಆರೋಗ್ಯದ ಪ್ರಶ್ನೆಪತ್ರಿಕೆ ಕಳಿಸಿದರು. ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಳೆದ ಮೂರು ತಿಂಗಳಲ್ಲಿ ಒಂದಾದರೂ ಎಚ್ಚರಿಕೆಯ ಲಕ್ಷಣ ಕಂಡಿತ್ತು. ಅದು ಕ್ಯಾನ್ಸರ್ ಇರಬಹುದೆಂದು ಊಹಿಸಿದ್ದು ಸುಮಾರು ಶೇ 2ರಷ್ಟು ಮಾತ್ರ. ಅಷ್ಟರಲ್ಲಿ ಕ್ಯಾನ್ಸರ್ ಪತ್ತೆಯ ಸಂಶೋಧಕರು ಸೇರಿ ರೂಪಿಸಿದ 2012ರ ಆರ್ಹಸ್ ಹೇಳಿಕೆ 'ವಿಳಂಬ' ಎಂಬ ಪದ ಬಿಟ್ಟು 'ಅವಧಿ' ಎನ್ನಿ ಎಂದಿತ್ತು. ವಿಳಂಬ ಎಂದ ಕೂಡಲೇ ಆರೋಪಿ ಹುಟ್ಟುತ್ತಾನೆ.

ತಪ್ಪು ಹೊರಿಸುವ ಬದಲು ಜನರ ಬಳಿಗೇ ಹೋಗಬೇಕು ಎಂಬುದನ್ನು ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಬಾರ್ಶಿಯಲ್ಲಿ ಅದಕ್ಕೂ ಮೊದಲೇ ಕಂಡುಕೊಂಡಿದ್ದರು ಎನ್ನಬೇಕು. ಕನ್ನಡದ ಮಾತು ಕಿವಿಗೆ ಬೀಳುವ ಸೊಲ್ಲಾಪುರ ಜಿಲ್ಲೆಯದೇ ತಾಲ್ಲೂಕು ಅದು. 1987ರಲ್ಲಿ ಅಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ, ಅಂದರೆ ಯಾರಿಗೆಲ್ಲ ಕ್ಯಾನ್ಸರ್ ಇದೆ ಎಂದು ಲೆಕ್ಕ ಇಡುವ ಕೆಲಸ, ಶುರುವಾದಾಗ ಆಸ್ಪತ್ರೆಯ ಕಡತ ನೆಚ್ಚಿ ಕೂರುವಂತಿರಲಿಲ್ಲ. ಹಳ್ಳಿಯವರು ಆಸ್ಪತ್ರೆಗೇ ಬಾರದಿದ್ದರೆ ಕಡತದಲ್ಲಿ ಏನಿದ್ದೀತು? ತರಬೇತಿ ಪಡೆದ ಕಾರ್ಯಕರ್ತರು ಬಾರ್ಶಿ ಮತ್ತು ಅಕ್ಕಪಕ್ಕದ ತಾಲ್ಲೂಕುಗಳ 346 ಹಳ್ಳಿಗಳಲ್ಲಿ ತಿರುಗಿ, ಜನರ ಜೊತೆ ಕೂತು ಲಕ್ಷಣಗಳ ಬಗ್ಗೆ ಮಾತಾಡಿ, ಅನುಮಾನ ಇದ್ದವರನ್ನು ತಪಾಸಣೆಗೆ ಬರುವಂತೆ ಮಾಡಿದರು. ಇವರ ಕೆಲಸ ಎಣಿಕೆ. ಆದರೆ ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರು ಮೊದಲಿಗಿಂತ ಬೇಗನೆಯ ಹಂತದಲ್ಲಿ ಪತ್ತೆಯಾಗತೊಡಗಿತು. ಇದು 1995ರಲ್ಲಿ ಪ್ರಕಟವೂ ಆಯಿತು. ಹೊಸ ಯಂತ್ರವೇನೂ ಬಂದಿರಲಿಲ್ಲ. ಹೇಳಿಕೊಳ್ಳಲು ಒಬ್ಬರು ಮನೆ ಬಾಗಿಲಿಗೆ ಬಂದಿದ್ದರು, ಅಷ್ಟೇ.

ದೇಶದ ಲೆಕ್ಕ ಬೇರೆಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9. ಸ್ತನದ ತಪಾಸಣೆ ಶೇ 0.9. ಲಕ್ಷಣ ಕಂಡ ಮೇಲೆ ತಾವಾಗಿ ಹೇಳಿಕೊಂಡರೆ ಮಾತ್ರ ಗೊತ್ತಾಗುವ ಸ್ಥಿತಿ.

ಈಗ ಆಶಾ ಕಾರ್ಯಕರ್ತೆಯ ಕೈಯಲ್ಲಿ 30 ದಾಟಿದವರಿಗೆಂದೇ ಒಂದು ಫಾರಂ ಇದೆ. ಬಾಯಲ್ಲಿ ಮಾಯದ ಹುಣ್ಣಿದೆಯೇ, ಎದೆಯಲ್ಲಿ ಗಂಟಿದೆಯೇ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ, ಗಂಡನ ಜೊತೆ ಕೂಡಿದ ಮೇಲೆ ಹೋಗುತ್ತದೆಯೇ. ಪ್ರಶ್ನೆಗಳು ಸರಿಯಾಗಿಯೇ ಇವೆ. ಕೇಳುವುದು ಮಾತ್ರ ಸಾಮಾನ್ಯವಾಗಿ ಜಗಲಿಯ ಮೇಲೆ. ಪಕ್ಕದಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಸೊಸೆ ಆಗ 'ಇಲ್ಲ ಅಕ್ಕ' ಎನ್ನದೆ ಇನ್ನೇನು ಹೇಳಿಯಾಳು?