ಸೊನ್ನೆ ಡಿಗ್ರಿಯ ಕಡಲತೀರ

ವರ್ಸೋವಾದ ಕೋಳಿವಾಡದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ಬೊಂಬಿಲ್ ಮೀನು ಒಣಗಿಸುವ ಬಿದಿರಿನ ಚಪ್ಪರ ನೋಡಿದ ಮುಂಬಯಿ ಕನ್ನಡಿಗರಿಗೆ ನಾರ್ವೆಯ ಲೊಫೋಟೆನ್ ದ್ವೀಪಗಳ ಮೀನಿನ ಚಪ್ಪರ ತೀರಾ ಹೊಸದೆನಿಸಲಿಕ್ಕಿಲ್ಲ. ಇಲ್ಲಿ ಎರಡು ಬೊಂಬಿಲ್‌ಗಳ ದವಡೆಗಳನ್ನು ಒಂದಕ್ಕೊಂದು ಸಿಕ್ಕಿಸಿ ತೂಗುಹಾಕುತ್ತಾರೆ. ಅಲ್ಲಿ ತಲೆ, ಕರುಳು ತೆಗೆದ ಕಾಡ್ ಮೀನಿಗೆ ಅದರದೇ ಗಾತ್ರದ ಜೊತೆ ಹುಡುಕಿ ಬಾಲಕ್ಕೆ ಬಾಲ ಕಟ್ಟುತ್ತಾರೆ. ಎರಡೂ ಕಡೆ ಉಪ್ಪಿನ ಮಾತಿಲ್ಲ. ಆದರೆ ಬೊಂಬಿಲ್‌ಗೆ ಎರಡು ಮೂರು ದಿನದ ಒಳ್ಳೆ ಬಿಸಿಲು ಸಾಕು. ಕಾಡ್‌ಗೆ ಫೆಬ್ರುವರಿಯಿಂದ ಮೇ ತನಕ ಗಾಳಿ ಬೇಕು.

ಲೊಫೋಟೆನ್ ಇರುವುದು 68 ಡಿಗ್ರಿ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದ ಆಚೆ. ಹೆಚ್ಚುಕಡಿಮೆ ಅದೇ ಅಕ್ಷಾಂಶದ ಸೈಬೀರಿಯದ ವೆರ್ಖೋಯಾನ್ಸ್ಕ್‌ನಲ್ಲಿ ಜನವರಿಯ ಸರಾಸರಿಯೇ ಮೈನಸ್ 40ಕ್ಕಿಂತ ಕೆಳಗೆ. ಲೊಫೋಟೆನ್‌ನಲ್ಲಿ ಮಾತ್ರ ಸೊನ್ನೆಯ ಆಸುಪಾಸು. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ದಕ್ಷಿಣದಿಂದ ಶಾಖ ಹೊತ್ತು ತರುವುದರಿಂದ ಬಂದರುಗಳು ಹೆಪ್ಪುಗಟ್ಟುವುದಿಲ್ಲ.

ಮೀನು ಒಣಗುವುದಕ್ಕೂ ಈ ಸೊನ್ನೆಯೇ ಬೇಕು. ಬ್ಯಾಕ್ಟೀರಿಯಾ ಮಂದವಾಗಿರುತ್ತವೆ, ನೊಣ ಇನ್ನೂ ಎದ್ದಿರುವುದಿಲ್ಲ, ಗಾಳಿ ತನ್ನ ಪಾಡಿಗೆ ನೀರು ಹೀರುತ್ತದೆ. ಸುಮಾರು 80 ಶೇಕಡಾ ಇದ್ದ ನೀರು 15ರ ಹತ್ತಿರಕ್ಕೆ ಇಳಿಯುತ್ತದೆ; ಐದು ಕಿಲೋ ಮೀನು ಸುಮಾರು ಒಂದು ಕಿಲೋ ಆಗುತ್ತದೆ. ಕೊರೆಯುವ ಹಿಮ ಬಿದ್ದರೆ ಮಾಂಸದೊಳಗೆ ಹರಳುಗಟ್ಟಿದ ಮಂಜು ನಾರನ್ನು ಹರಿದು ಮೀನು ಬೆಂಡಾಗುತ್ತದೆ. ಬೇಗ ಸೆಕೆ ಬಂದರೆ ನೊಣ ಮೊಟ್ಟೆಯಿಡುತ್ತದೆ. ಇನ್ನೊಂದು ಗುಟ್ಟು ಮೀನಿನೊಳಗೇ ಇದೆ: ಕಾಡ್ ತನ್ನ ಕೊಬ್ಬನ್ನೆಲ್ಲ ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ, ಮಾಂಸದಲ್ಲಿ ಒಂದು ಶೇಕಡಾವೂ ಇರುವುದಿಲ್ಲ. ಅದೇ ಚಪ್ಪರಕ್ಕೆ ನಮ್ಮ ಬಂಗುಡೆ ಏರಿಸಿದರೆ ತಿಂಗಳೊಳಗೆ ಕಮಟು ಹಿಡಿದೀತು.

ಮೀನಿಗೆ ಹಿತವಾದ ಈ ಹವೆ ಮನುಷ್ಯನಿಗೆ ಮಾತ್ರ ಮೋಸದ್ದು. ಮೈನಸ್ 15ರ ಒಣ ಚಳಿಯಲ್ಲಿ ಬಟ್ಟೆ ಒದ್ದೆಯಾಗುವುದಿಲ್ಲ; ಸೊನ್ನೆಯಲ್ಲಿ ಮಳೆ, ಹಿಮ, ಬೆವರು ಮೂರೂ ಸೇರುತ್ತವೆ. ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಸೊನ್ನೆಯೇ ಚರ್ಮಕ್ಕೆ ಮೈನಸ್ 7ರಂತೆ ತಾಗುತ್ತದೆ. ಹೀಗಾಗಿ ಅಲ್ಲಿಗೆ ಹೋಗುವವರು ಹತ್ತಿಯ ಬನಿಯನ್, ಜೀನ್ಸ್ ಎರಡನ್ನೂ ಮನೆಯಲ್ಲೇ ಬಿಡುವುದು ಮೇಲು. ಹತ್ತಿ ನೆನೆದರೆ ನೂಲಿನ ನಡುವಣ ಗಾಳಿಯ ಜಾಗಕ್ಕೆ ನೀರು ಬಂದು ಮೈಯ ಶಾಖ ಸೋರಿಹೋಗುತ್ತದೆ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ದಾದರಿನ ಫುಟ್‌ಪಾತಿನಲ್ಲಿ ಸಿಗುವ ಮಳೆಗಾಲದ ಪ್ಲಾಸ್ಟಿಕ್ ರೇನ್‌ಕೋಟ್ ಅಲ್ಲಿ ಕೆಲಸಕ್ಕೆ ಬಾರದು: ಬೆವರು ಒಳಗೇ ಉಳಿದು ಏರು ಹತ್ತಿ ನಿಂತ ಕೂಡಲೇ ನಡುಕ ಶುರು. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ತೊಟ್ಟು, ಬೆವರುವ ಮೊದಲೇ ಒಂದು ಪದರ ಕಳಚಬೇಕು. ಬೂಟು ಅರ್ಧ ಅಥವಾ ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ.

ಇನ್ನು ಬಂಡೆಗಳು. ಈ ತೀರದ ನಿಜವಾದ ಸೊಗಸು ಅಲ್ಲಿದೆ, ಅಪಾಯವೂ ಅಲ್ಲೇ. ಭರತ ಇಳಿತದ ಅಂತರದಲ್ಲಿ ಮುಂಬಯಿಯೇ ಮುಂದು, ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕೂವರೆ ಮೀಟರ್ ದಾಟುವುದುಂಟು; ಅಲ್ಲಿ ಎರಡು ಮೂರು ಮೀಟರ್ ಅಷ್ಟೆ. ಭಯಪಡಬೇಕಾದದ್ದು ಅಲೆಗೆ. ಅಲೆ ಎಲ್ಲಿಯವರೆಗೆ ಬರುತ್ತದೆಂದು ಬಂಡೆಯೇ ಬರೆದಿಟ್ಟಿರುತ್ತದೆ: ಮೇಲೆ ಹಳದಿ ಕಲ್ಲುಹೂವು, ಅದರ ಕೆಳಗೆ ಡಾಂಬರು ಬಳಿದಂಥ ಕಪ್ಪು ಪಟ್ಟೆ, ಆಮೇಲೆ ಬಂಡೆಗೆ ಅಂಟಿಕೊಂಡ ಬಿಳಿ ಚಿಪ್ಪಿನ ಜೀವಿ ಬಾರ್ನಕಲ್, ಕೊನೆಗೆ ಕಂದು ಕಡಲಕಳೆ. ಕಪ್ಪು ಪಟ್ಟೆಯೂ ಒಂದು ಬಗೆಯ ಕಲ್ಲುಹೂವೇ. ನೆನೆದಾಗ ಕಾಲು ನಿಲ್ಲದು. ಪಟ್ಟೆ ಅಗಲವಾದಷ್ಟೂ ಆ ಬಂಡೆಗೆ ಬಡಿಯುವ ಅಲೆ ದೊಡ್ಡದು. ಚಳಿಗಾಲದಲ್ಲಿ ಆ ಪಟ್ಟೆಗಿಂತ ಸಾಕಷ್ಟು ಮೇಲೆಯೇ ನಿಲ್ಲಬೇಕು, ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬಾರದು.

ಮುಂಬಯಿಯ ಕಡಲು ಚಳಿಗಾಲದಲ್ಲೂ 20 ಡಿಗ್ರಿಯ ಮೇಲೆಯೇ. ಲೊಫೋಟೆನ್‌ನಲ್ಲಿ ಮಾರ್ಚ್ ತಿಂಗಳು ಐದರ ಹತ್ತಿರ. ಬಿದ್ದರೆ ಮೊದಲ ಒಂದು ನಿಮಿಷ ಉಸಿರು ತಾನಾಗಿ ಏದುತ್ತದೆ; ಈಜಲು ಹೋಗದೆ ಮುಖ ಮೇಲಿಟ್ಟು ತೇಲಬೇಕು. ನಂತರದ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಹೊರಬರುವ ಪ್ರಯತ್ನವೆಲ್ಲ ಆಗಲೇ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಬೇಕು, ಆದರೆ ಲೈಫ್ ಜಾಕೆಟ್ ಇಲ್ಲದವರು ಅಲ್ಲಿಯವರೆಗೆ ತೇಲುವುದಿಲ್ಲ. ಮೇಲೆತ್ತಿದವರನ್ನು ಅಂಗಾತ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಎದೆ ಹೊಟ್ಟೆಗೆ ಮೊದಲು ಕಂಬಳಿ ಸುತ್ತಬೇಕು. ಕೈಕಾಲು ತಿಕ್ಕಬಾರದು, ಬ್ರಾಂದಿಯಂತೂ ಬೇಡವೇ ಬೇಡ.